ಕೆಮ್ಮಂಗಿಲ್ಲ

ಒಬ್ಬ ಮನುಷ್ಯನ ದರ್ಪ ಎಷ್ಟೆಂದು ಹೇಳುವುದಕ್ಕೆ ನಮ್ಮ ಹಗರೆಯ ಕಡೆ ಉದ್ದದ ವಿವರಣೆ ಬೇಕಿಲ್ಲ. ‘ಅವರ ಮುಂದೆ ಯಾರೂ ಕೆಮ್ಮಂಗಿಲ್ಲ’ ಎಂದರೆ ಮುಗಿಯಿತು. ಹಾಸನ–ಬೇಲೂರು ರಸ್ತೆಯ ಬಸ್ ಸ್ಟಾಪಿನಲ್ಲಿ, ಟೀ ಅಂಗಡಿಯಲ್ಲಿ, ಪಂಚಾಯ್ತಿ ಚುನಾವಣೆ ಹತ್ತಿರ ಬಂದಾಗಲಂತೂ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು ಇದು. ಸಿನಿಮಾದವರೂ ಎತ್ತಿಕೊಂಡು ಡೈಲಾಗು ಮಾಡಿಕೊಂಡಿದ್ದಾರೆ. ಮಾತಾಡಂಗಿಲ್ಲ, ಎದುರಾಡಂಗಿಲ್ಲ ಎಂದು ಹೇಳಬಹುದಿತ್ತು. ಜನ ಆರಿಸಿಕೊಂಡದ್ದು ಕೆಮ್ಮನ್ನು. ಯಾಕೆಂದರೆ ಮಾತನ್ನು ಯಾರು ಬೇಕಾದರೂ ನುಂಗಿಕೊಳ್ಳಬಹುದು, ನಾವೆಲ್ಲ ದಿನಾ ನುಂಗುತ್ತಲೇ ಇರುತ್ತೇವೆ. ತಾನಾಗಿ ಉಕ್ಕಿ ಬರುವ ಕೆಮ್ಮನ್ನೂ ಒತ್ತಿ ಹಿಡಿಯಬೇಕು ಎಂದರೆ ಭಯ ನಾಲಗೆಯನ್ನು ದಾಟಿ ಗಂಟಲಿನೊಳಕ್ಕೆ ಇಳಿದಿದೆ ಎಂದರ್ಥ.

ಈ ಮಾತನ್ನು ಯಾವ ಅಲಂಕಾರವೂ ಇಲ್ಲದೆ, ಅಕ್ಷರಶಃ ಹೇಳುವ ಒಂದು ಜಾಗವಿದೆ. ಎದೆಯಲ್ಲಿ ನೀರು ತುಂಬಿಕೊಂಡವರಿಂದ ಆ ನೀರನ್ನು ಸೂಜಿ ಹಾಕಿ ತೆಗೆಯುವ ಕೋಣೆ ಅದು. ಆಸ್ಪತ್ರೆಯವರು ಅದನ್ನು ‘ಟ್ಯಾಪ್ ಮಾಡೋದು’ ಎನ್ನುತ್ತಾರೆ. ಅಲ್ಲಿ ರೋಗಿಗೆ ಹೇಳುವ ಮೂರು ಮಾತು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಅಲ್ಲಾಡಬೇಡಿ, ಮಾತಾಡಬೇಡಿ, ಕೆಮ್ಮಬೇಡಿ.

ಮೊದಲು ಆ ನೀರಿನ ವಿಷಯ. ನಮ್ಮ ಶ್ವಾಸಕೋಶಕ್ಕೆ ಎರಡು ಪದರದ ತೆಳುವಾದ ಹೊದಿಕೆಯಿದೆ. ಒಳಪದರ ಶ್ವಾಸಕೋಶಕ್ಕೆ ಅಂಟಿಕೊಂಡಿರುತ್ತದೆ, ಹೊರಪದರ ಎದೆಗೂಡಿನ ಒಳಮೈಗೆ. ಎರಡರ ನಡುವೆ ಕೆಲವೇ ಚಮಚದಷ್ಟು ದ್ರವ ಇದ್ದು, ಉಸಿರಾಡುವಾಗ ಒಂದರ ಮೇಲೊಂದು ಜಾರಲು ಅನುವು ಮಾಡಿಕೊಡುತ್ತದೆ. ಕ್ಷಯ, ನ್ಯುಮೋನಿಯಾ, ಕ್ಯಾನ್ಸರ್, ಹೃದಯದ ಸೋಲು, ಹೀಗೆ ಯಾವುದಾದರೂ ಕಾರಣಕ್ಕೆ ಆ ಸಂದಿನಲ್ಲಿ ದ್ರವ ಹೆಚ್ಚುತ್ತಾ ಹೋದರೆ ಲೀಟರುಗಟ್ಟಲೆ ಸೇರಿಕೊಳ್ಳಬಹುದು. ಶ್ವಾಸಕೋಶ ಮೂಲೆಗೆ ಒತ್ತರಿಸಿಕೊಂಡು ಕುಗ್ಗುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು.

ತೆಗೆಯುವ ಕ್ರಮ ಸರಳವಾಗಿಯೇ ಇದೆ. ರೋಗಿಯನ್ನು ಕೂರಿಸಿ, ಮುಂದೆ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಕೈಮಡಚಿ ಬಾಗಿಸುತ್ತಾರೆ. ಅಲ್ಟ್ರಾಸೌಂಡಿನಲ್ಲಿ ನೋಡಿ ಬೆನ್ನ ಮೇಲೆ ಗುರುತು ಹಾಕುತ್ತಾರೆ. ಮರಗಟ್ಟಿಸುವ ಮದ್ದು ಕೊಟ್ಟು, ಪಕ್ಕೆಲುಬಿನ ಮೇಲಂಚಿಗೆ ಸರಿಯಾಗಿ ಸೂಜಿ ಇಳಿಸುತ್ತಾರೆ. ಪ್ರತಿ ಪಕ್ಕೆಲುಬಿನ ಕೆಳಅಂಚಿನಲ್ಲಿ ರಕ್ತನಾಳವೂ ನರವೂ ಹಾದುಹೋಗಿರುವುದರಿಂದ ಮೇಲಂಚೇ ಕ್ಷೇಮ. ಆಗ ರೋಗಿ ಕೆಮ್ಮಿದರೆ ಶ್ವಾಸಕೋಶ ಒಮ್ಮೆಲೇ ಚಿಮ್ಮಿ ಸೂಜಿಯ ಮೊನೆಗೆ ತಗಲಬಹುದು, ಗಾಳಿ ಸೋರಿ ಶ್ವಾಸಕೋಶ ಕುಸಿಯಬಹುದು. ‘ಕೆಮ್ಮಬೇಡಿ’ ಎನ್ನುವುದರ ಹಿಂದೆ ಇರುವ ಕಾರಣ ಇದು. ದರ್ಪ ಇದರಲ್ಲಿಲ್ಲ. ವೈದ್ಯರ ಕೈಯಲ್ಲಿರುವುದು ಇನ್ನೊಬ್ಬರ ಜೀವ.

ತೊಡಕು ಶುರುವಾಗುವುದು ಆಮೇಲೆ. ನೀರು ಹೊರಬಂದಂತೆ ಕುಗ್ಗಿ ಕೂತಿದ್ದ ಶ್ವಾಸಕೋಶ ಬಿಚ್ಚಿಕೊಳ್ಳತೊಡಗುತ್ತದೆ, ಆಗ ಕೆಮ್ಮು ಬರುವುದು ತೀರಾ ಸಹಜ. ಬಿಚ್ಚಿಕೊಳ್ಳಲಾಗದ ಶ್ವಾಸಕೋಶವಾದರೆ ಒಳಗಿನ ಒತ್ತಡ ಇಳಿಯುತ್ತಾ ಹೋಗಿ ಎದೆ ಸೆಳೆದಂತಾಗುತ್ತದೆ. ತುಂಬಾ ದಿನ ಮುದುಡಿದ್ದದ್ದು ತಟಕ್ಕನೆ ಅರಳಿದರೆ ಅಪರೂಪಕ್ಕೆ ಅದರೊಳಗೇ ನೀರು ಇಳಿದು ಪ್ರಾಣಾಪಾಯವೂ ಆಗಬಹುದು. ಅದಕ್ಕೇ ಒಂದು ಸಲಕ್ಕೆ ಒಂದು, ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯಬಾರದೆಂಬ ರೂಢಿ ಬೆಳೆದಿದೆ. ಜೊತೆಗೆ ಇನ್ನೊಂದು ರೂಢಿ: ರೋಗಿಗೆ ಬಿಡದ ಕೆಮ್ಮು ಬಂದರೆ, ಎದೆಯಲ್ಲಿ ಸಂಕಟವಾದರೆ ನಿಲ್ಲಿಸು. ಅಂದರೆ ಯಾವ ಕೆಮ್ಮನ್ನು ಕೂಡದು ಎಂದು ಹೇಳಿ ಕೂರಿಸಿದ್ದರೋ ಅದೇ ಕೆಮ್ಮು ಈಗ ವೈದ್ಯರಿಗೆ ಬೇಕು, ಅದನ್ನು ನೋಡಿಯೇ ಅವರು ಕೈ ತಡೆಯಬೇಕು. ಒಂದೇ ಕೋಣೆ, ಒಂದೇ ಅರ್ಧ ಗಂಟೆ. ಮೊದಲ ಭಾಗದಲ್ಲಿ ಅಪರಾಧವಾಗಿದ್ದದ್ದು ಎರಡನೆಯ ಭಾಗದಲ್ಲಿ ಸಾಕ್ಷಿಯಾಗುತ್ತದೆ. ಬದಲಾವಣೆ ಯಾವ ನಿಮಿಷದಲ್ಲಿ ಆಯಿತೆಂದು ರೋಗಿಗೆ ಯಾರೂ ಹೇಳುವುದಿಲ್ಲ.

ನನ್ನ ದೊಡ್ಡಪ್ಪನಿಗೆ ನೀರು ತೆಗೆಸಿದ ದಿನ ನಾನು ಆ ಕೋಣೆಯಲ್ಲಿದ್ದೆ. ಎಪ್ಪತ್ತು ದಾಟಿದ ಜೀವ, ಆಲೂಗಡ್ಡೆ, ಮುಸುಕಿನ ಜೋಳ ಬೆಳೆದುಕೊಂಡು ಬಂದವರು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಡಾಕ್ಟರು ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ಒಳ್ಳೆಯವರು. “ಯಜಮಾನ್ರೇ, ಇರುವೆ ಕಚ್ಚಿದಂಗೆ ಆಗುತ್ತೆ ಅಷ್ಟೆ. ಕೆಮ್ಮಬೇಡಿ, ಅಲ್ಲಾಡಬೇಡಿ” ಎಂದರು. ಒಬ್ಬರು ಮುಂದೆ ನಿಂತು ಹೆಗಲು ಹಿಡಿದುಕೊಳ್ಳಿ ಎಂದು ನನ್ನನ್ನು ಉಳಿಸಿಕೊಂಡರು. ಹಾಗಾಗಿ ಡಾಕ್ಟರಿಗೆ ದೊಡ್ಡಪ್ಪನ ಬೆನ್ನು ಕಾಣುತ್ತಿತ್ತು, ನನಗೆ ಮುಖ. ಈ ಕೆಲಸದಲ್ಲಿ ಎಲ್ಲ ಕಡೆಯೂ ಹೀಗೇ. ಮಾಡುವವರಿಗೆ ಮುಖ ಕಾಣುವುದಿಲ್ಲ, ಮುಖ ನೋಡುವವರಿಗೆ ಸೂಜಿ ಕಾಣುವುದಿಲ್ಲ.

ಬಾಟಲಿಯಲ್ಲಿ ಹಳದಿ ನೀರು ಏರುತ್ತಿತ್ತು. ಅರ್ಧ ದಾಟಿದ ಮೇಲೆ ಡಾಕ್ಟರು ಕೇಳಿದರು: “ಏನಾದ್ರೂ ಆಗ್ತಿದೆಯಾ ಯಜಮಾನ್ರೇ?” “ಏನಿಲ್ಲ ಸ್ವಾಮಿ.” ದನಿ ಸಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಅವರ ಕತ್ತಿನ ನರ ಬಿಗಿದುಕೊಂಡಿತು, ಕಣ್ಣಲ್ಲಿ ನೀರು ನಿಂತಿತು, ತುಟಿ ಒಳಕ್ಕೆ ಕಚ್ಚಿಕೊಂಡಿದ್ದರು. “ಸಾರ್, ಏನೋ ಆಗ್ತಿದೆ ಇವರಿಗೆ” ಎಂದೆ. ಡಾಕ್ಟರು ತಕ್ಷಣ ನಿಲ್ಲಿಸಿದರು, ಹೊರಗೆಳೆದರು, ಪಟ್ಟಿ ಹಾಕಿದರು. ಆಮೇಲೂ ದೊಡ್ಡಪ್ಪ ಒಂದು ಕ್ಷಣ ಹಾಗೇ ಬಿಗಿಹಿಡಿದು ಕೂತಿದ್ದವರು, ಕತ್ತು ಅರ್ಧ ತಿರುಗಿಸಿ ಕೇಳಿದರು:

“ಈಗ ಕೆಮ್ಬೋದಾ ಸ್ವಾಮಿ?”

ಆಮೇಲೆ ಬಂದ ಕೆಮ್ಮು ಹತ್ತು ನಿಮಿಷ ನಿಲ್ಲಲಿಲ್ಲ. ಸಂಜೆ, ಯಾಕೆ ಹೇಳಲಿಲ್ಲ ನೀನು ಎಂದು ಕೇಳಿದ್ದಕ್ಕೆ, “ಅವ್ರು ಬ್ಯಾಡ ಅಂದಿದ್ರಲ್ಲಪ್ಪ” ಎಂದರು. ಅವರಿಗೆ ಅದರಲ್ಲಿ ದೂರಿಲ್ಲ. ಒಂದು ಕೆಲಸ ಒಪ್ಪಿಸಿದ್ದರು, ನೆಟ್ಟಗೆ ಮಾಡಿ ಮುಗಿಸಿದ ಸಮಾಧಾನ ಇತ್ತು. ಮರುದಿನ ಇನ್ನೊಬ್ಬರು ಡಾಕ್ಟರು ರೌಂಡ್ಸಿಗೆ ಬಂದು, “ಚೆನ್ನಾಗಿ ಕೆಮ್ಮಿ, ಉಸಿರು ಎಳೆದು ಕೆಮ್ಮಿ, ಶ್ವಾಸಕೋಶ ಬಿಚ್ಕೋಬೇಕು” ಎಂದು ಹೇಳಿಹೋದರು. ದೊಡ್ಡಪ್ಪ ಅದನ್ನೂ ಅಷ್ಟೇ ನಿಷ್ಠೆಯಿಂದ ಮಾಡಿದರು.

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದಕ್ಕೆ ಒಂದು ಕಾರಣ ನನ್ನ ಓದು. ನಾನು ಪಿಎಚ್.ಡಿ.ಗೆ ಕೂತಿರುವುದು ಕನ್ನಡ ವ್ಯಾಕರಣದ ಒಂದು ಸಣ್ಣ ಮೂಲೆಯ ಮೇಲೆ: ‘ನನಗೆ’ ಎಂದು ಶುರುವಾಗುವ ವಾಕ್ಯಗಳು. ಕನ್ನಡದಲ್ಲಿ ಕೆಮ್ಮಿಗೆ ಎರಡು ವಾಕ್ಯಗಳಿವೆ. ‘ನಾನು ಕೆಮ್ಮಿದೆ’ ಒಂದು, ‘ನನಗೆ ಕೆಮ್ಮು ಬಂತು’ ಇನ್ನೊಂದು. ಮೊದಲನೆಯದರಲ್ಲಿ ಕೆಮ್ಮಿದವನು ನಾನು. ಎರಡನೆಯದರಲ್ಲಿ ಕೆಮ್ಮು ಎಲ್ಲಿಂದಲೋ ನಡೆದು ಬರುತ್ತದೆ, ನಾನು ಅದು ಬಂದು ತಲುಪುವ ಜಾಗ ಮಾತ್ರ. ನಗು, ಅಳು, ಆಕಳಿಕೆ, ನಿದ್ದೆ ಎಲ್ಲಕ್ಕೂ ಈ ಸೌಕರ್ಯವಿದೆ. ಆದರೆ ‘ನನಗೆ ಸುಳ್ಳು ಬಂತು’ ಎಂದು ಯಾರೂ ಹೇಳುವುದಿಲ್ಲ, ‘ಅವನಿಗೆ ಕಳ್ಳತನ ಬಂತು’ ಎನ್ನುವುದಿಲ್ಲ. ನಮ್ಮ ಭಾಷೆ, ಯಾವ ನ್ಯಾಯಶಾಸ್ತ್ರದ ಪುಸ್ತಕವನ್ನೂ ಓದದೆ, ಹೊಣೆಗಾರಿಕೆಯ ಒಂದು ಗೆರೆಯನ್ನು ಎಳೆದು ಇಟ್ಟಿದೆ ಎಂದು ಅನ್ನಿಸುತ್ತದೆ.

ಗೆರೆ ಅಷ್ಟು ನೇರವಾಗಿಲ್ಲ ಎನ್ನುವುದೂ ನಿಜ. ‘ನನಗೆ ಸಿಟ್ಟು ಬಂತು’ ಎನ್ನುತ್ತೇವೆ, ಹಾಗೆಂದು ಸಿಟ್ಟಿನಲ್ಲಿ ಹೊಡೆದವನನ್ನು ಬಿಟ್ಟುಬಿಡುವುದಿಲ್ಲ. ಬರುವುದು ನನ್ನ ಕೈಯಲ್ಲಿಲ್ಲದಿದ್ದರೂ ಬಂದದ್ದನ್ನು ತಡೆದುಕೊಳ್ಳುವುದು ನನ್ನ ಕೈಯಲ್ಲಿದೆ ಎಂದು ನಂಬುತ್ತೇವೆ. ಕೆಮ್ಮಿನ ವಿಷಯದಲ್ಲಿ ಇದು ದೇಹದಲ್ಲೇ ಬರೆದಿರುವ ಸಂಗತಿ. ಮಿದುಳಿನ ಕೆಳಭಾಗ ಕೆಮ್ಮನ್ನು ಹೊರಡಿಸುತ್ತದೆ, ಮೇಲ್ಭಾಗ ಸ್ವಲ್ಪ ಹೊತ್ತು ಅದನ್ನು ಹಿಡಿದಿಡಬಲ್ಲದು, ಬೇಕೆಂದಾಗ ತಾನೇ ಕೆಮ್ಮನ್ನು ಮಾಡಿಸಲೂ ಬಲ್ಲದು. ಪಾರ್ಶ್ವವಾಯು ಬಡಿದವರಲ್ಲಿ ಕೆಲವರಿಗೆ ‘ಕೆಮ್ಮಿ’ ಎಂದರೆ ಕೆಮ್ಮಲು ಆಗುವುದಿಲ್ಲ, ಗಂಟಲಿಗೆ ಏನಾದರೂ ತಗುಲಿದರೆ ಮಾತ್ರ ತಾನಾಗಿ ಬರುತ್ತದೆ. ಕನ್ನಡದ ಎರಡು ವಾಕ್ಯಗಳು ತಲೆಯೊಳಗೂ ಬೇರೆ ಬೇರೆ ಕಡೆ ವಾಸವಾಗಿವೆ. ಹಾಗಾಗಿ ‘ಕೆಮ್ಮಬೇಡಿ’ ಎನ್ನುವುದು ಪೂರ್ತಿ ಅಸಾಧ್ಯವಾದ ಆಜ್ಞೆಯಲ್ಲ. ಮಾಡಬೇಕು ಎಂದು ಹೇಳುವುದಕ್ಕೆ ಮೊದಲು ಮಾಡಲು ಸಾಧ್ಯವಿರಬೇಕು ಎನ್ನುವ ಕಾಂಟ್‌ನ ತತ್ವವನ್ನು ಅದು ಸಾರಾಸಗಟಾಗಿ ಮುರಿಯುವುದಿಲ್ಲ. ಅರ್ಧ ಸಾಧ್ಯವಾದದ್ದನ್ನು ಪೂರ್ತಿ ಸಾಧ್ಯವೆಂಬಂತೆ ಕೇಳುತ್ತದೆ. ಇಂಥ ಆಜ್ಞೆಗಳೇ ಒಳ್ಳೆಯವರನ್ನು ಹೆಚ್ಚು ಹಿಂಸಿಸುವುದು. ತೀರಾ ಅಸಾಧ್ಯವಾದದ್ದನ್ನು ಕೇಳಿದರೆ ಯಾರಾದರೂ ಕೈಚೆಲ್ಲುತ್ತಾರೆ. ಸ್ವಲ್ಪ ಹೊತ್ತು ಸಾಧ್ಯ ಎನ್ನುವಂಥದ್ದಾದರೆ, ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಹಿಡಿದುಕೊಂಡೇ ಕೂರುತ್ತಾರೆ.

ನಮ್ಮ ಹಳೆಯ ವೈದ್ಯರು ಇದೇ ಗೆರೆಯ ಬಗ್ಗೆ ಯೋಚಿಸಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯಕ್ಕೆ ತಡೆಯಬಾರದ ವೇಗಗಳದ್ದೇ ಹೆಸರು. ‘ವೇಗ’ ಎಂದರೆ ದೇಹದಿಂದ ಹೊರಡುವ ಒತ್ತರ. ಮೂತ್ರ, ಮಲ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ, ದಣಿದಾಗಿನ ಏದುಸಿರು, ಹೀಗೆ 13 ವೇಗಗಳ ಪಟ್ಟಿ ಕೊಟ್ಟು, ಇವನ್ನು ತಡೆದರೆ ಯಾವ ಯಾವ ರೋಗ ಬರುತ್ತದೆಂದು ಚರಕ ವಿವರಿಸುತ್ತಾನೆ. ಅಲ್ಲಿಗೇ ನಿಲ್ಲಿಸುವುದಿಲ್ಲ. ತಡೆಯಲೇಬೇಕಾದ ವೇಗಗಳ ಇನ್ನೊಂದು ಪಟ್ಟಿ ಕೊಡುತ್ತಾನೆ: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ ಇತ್ಯಾದಿ. ದೇಹದ್ದನ್ನು ಬಿಡು, ಮನಸ್ಸಿನದನ್ನು ಹಿಡಿ. ವೈದ್ಯಗ್ರಂಥದ ಮಧ್ಯದಲ್ಲಿ ಒಂದು ಪುಟ್ಟ ನೀತಿಶಾಸ್ತ್ರ.

ನನಗೆ ಕುತೂಹಲ ಹುಟ್ಟಿಸಿದ್ದು ಚರಕನ 13ರಲ್ಲಿ ಕೆಮ್ಮು ಇಲ್ಲದಿರುವುದು. ತೇಗು ಇದೆ, ಕೆಮ್ಮು ಇಲ್ಲ. ಆಮೇಲಿನ ವಾಗ್ಭಟ ಅಷ್ಟಾಂಗಹೃದಯದಲ್ಲಿ ಮತ್ತೆ 13 ವೇಗಗಳನ್ನು ಎಣಿಸುವಾಗ ತೇಗನ್ನು ಪಟ್ಟಿಯಿಂದ ಬಿಟ್ಟು ಕೆಮ್ಮನ್ನು ಸೇರಿಸುತ್ತಾನೆ. ಕೆಮ್ಮನ್ನು ತಡೆದರೆ ಕೆಮ್ಮೇ ಹೆಚ್ಚುತ್ತದೆ, ಉಬ್ಬಸ, ಅರುಚಿ, ಎದೆಯ ಬೇನೆ, ಮೈ ಸೊರಗುವುದು, ಬಿಕ್ಕಳಿಕೆ ಬರುತ್ತವೆ ಎನ್ನುತ್ತಾನೆ. ಒಬ್ಬ ಆಚಾರ್ಯನ ಪಟ್ಟಿಯಲ್ಲಿಲ್ಲ, ಇನ್ನೊಬ್ಬನದರಲ್ಲಿದೆ. ಇದಕ್ಕೆ ಪಾಠಾಂತರದ ಕಾರಣಗಳನ್ನು ಸಂಸ್ಕೃತ ವಿದ್ವಾಂಸರು ಹುಡುಕಲಿ. ನನ್ನ ಮಟ್ಟಿಗೆ ಕೆಮ್ಮಿನ ಜಾಗವೇ ಅಂಥದ್ದು ಎಂದು ಕಾಣುತ್ತದೆ. ಅದು ಸೀನಿನಷ್ಟು ಪರಾಧೀನವೂ ಅಲ್ಲ, ಸಿಟ್ಟಿನಷ್ಟು ನಮ್ಮದೂ ಅಲ್ಲ.

ಅರಿಸ್ಟಾಟಲ್ ಇನ್ನೊಂದು ದಿಕ್ಕಿನಿಂದ ಬರುತ್ತಾನೆ. ಆತ್ಮದ ಕುರಿತ ಗ್ರಂಥದ ಎರಡನೆಯ ಭಾಗದಲ್ಲಿ, ಪ್ರಾಣಿ ಮಾಡುವ ಸದ್ದೆಲ್ಲ ದನಿಯಲ್ಲ ಎಂದು ವಾದಿಸುತ್ತಾ ಅವನು ಕೊಡುವ ಉದಾಹರಣೆ ಕೆಮ್ಮು. ದನಿಗೆ ಅರ್ಥವಿರುತ್ತದೆ, ಅದರ ಹಿಂದೆ ಮನಸ್ಸಿನ ಚಿತ್ರವೊಂದಿರುತ್ತದೆ. ಕೆಮ್ಮು ಬರಿಯ ಗಾಳಿಯ ಬಡಿತ. ಅರಿಸ್ಟಾಟಲ್ ನಮ್ಮ ಹಳ್ಳಿಯ ಮಾವಂದಿರನ್ನು ನೋಡಿದ್ದರೆ ಈ ಮಾತು ಹೇಳುತ್ತಿರಲಿಲ್ಲ. ಹಿತ್ತಲಿನಿಂದ ಅಡುಗೆಮನೆಗೆ ಕಾಲಿಡುವ ಮೊದಲು ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತಿದ್ದ ಯಜಮಾನರ ಕೆಮ್ಮಿಗೆ ಒಂದು ಪೂರ್ತಿ ವಾಕ್ಯದ ಅರ್ಥವಿತ್ತು. ಸೊಸೆಯಂದಿರು ಸೆರಗು ಸರಿಮಾಡಿಕೊಳ್ಳುವಷ್ಟು ಸಮಯವನ್ನೂ ಅದು ಕೊಡುತ್ತಿತ್ತು. ಇನ್ನು 2020ರ ಮಾರ್ಚ್‌ನಲ್ಲಿ ಯಾರಿಗೆ ಫೋನ್ ಮಾಡಿದರೂ ರಿಂಗ್ ಆಗುವ ಮೊದಲು ಸರ್ಕಾರದ ಪ್ರಕಟಣೆಯಲ್ಲಿ ಒಂದು ಕೆಮ್ಮು ಕೇಳುತ್ತಿತ್ತು. ಒಂದು ದೇಶಕ್ಕೆ ದೇಶವೇ ಆ ಸದ್ದಿನ ಅರ್ಥವನ್ನು ಒಂದು ವಾರದಲ್ಲಿ ಕಲಿತಿತು. ಬಸ್ಸಿನಲ್ಲಿ ಯಾರೋ ಕೆಮ್ಮಿದರೆ ಇಡೀ ಬಸ್ಸು ತಿರುಗಿ ನೋಡುತ್ತಿದ್ದ ಆ ದಿನಗಳಲ್ಲಿ ‘ಕೆಮ್ಮಂಗಿಲ್ಲ’ ಊರಿನವರೆಲ್ಲರ ಮೇಲಿನ ಕಾನೂನಾಗಿತ್ತು.

ಶ್ವಾಸಕೋಶದ ಮಟ್ಟಿಗಂತೂ ಅರಿಸ್ಟಾಟಲನ ಮಾತನ್ನು ತಿರುಗಿಸಿ ಹೇಳಬೇಕು. ನೋವು ತಿಳಿಸುವ ನರಗಳು ಇರುವುದು ಹೊರಪದರದಲ್ಲಿ. ಶ್ವಾಸಕೋಶಕ್ಕೆ ಅಂಟಿದ ಒಳಪದರಕ್ಕೆ ನೋವು ಗೊತ್ತಾಗುವುದಿಲ್ಲ. ಹೊಟ್ಟೆಯ ಹಾಗೆ, ಹಲ್ಲಿನ ಹಾಗೆ ಅದು ‘ನೋಯುತ್ತಿದೆ’ ಎಂದು ಹೇಳಲಾರದು. ಅದಕ್ಕೆ ಬರುವ ಒಂದೇ ಮಾತು ಕೆಮ್ಮು.

ಇಲ್ಲಿಗೆ ವಾದ ಸುಲಭವಾಗಿ ಮುಗಿದಂತೆ ಕಾಣುತ್ತದೆ. ಕೆಮ್ಮು ದೇಹದ ಮಾತು, ಅದನ್ನು ತಡೆಯುವುದು ಮಾತಿನ ಮೇಲೆ ಹೇರಿದ ನಿಷೇಧ, ವೈದ್ಯರು ಕೆಮ್ಮಿಗೆ ಕಿವಿಗೊಡಬೇಕು ಎಂದು. ಕೆಲವು ದಿನ ನಾನೂ ಹಾಗೇ ಬರೆಯಬೇಕೆಂದಿದ್ದೆ. ಆದರೆ ವೈದ್ಯಕೀಯ ಪತ್ರಿಕೆಗಳನ್ನು ಓದುತ್ತಾ ಹೋದರೆ ಕಥೆ ಬೇರೆ ಕಡೆ ಹೊರಳುತ್ತದೆ. 2006ರಲ್ಲಿ ಅಮೆರಿಕದ ಎದೆರೋಗ ತಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ನೀರು ತೆಗೆಯುವಾಗ ಆ ಸಂದಿನ ಒತ್ತಡವನ್ನು ಅಳೆಯುತ್ತಾ, ರೋಗಿಗೆ ಯಾವಾಗ ಏನಾಗುತ್ತದೆ ಎಂದು ಹೋಲಿಸಿ ನೋಡಿದ್ದರು. ಕೆಮ್ಮು ಬಂದವರಲ್ಲಿ ಒತ್ತಡ ಅಪಾಯದ ಕಡೆಗೆ ಹೆಚ್ಚು ಇಳಿದಿರಲಿಲ್ಲ. ಎದೆಯಲ್ಲಿ ಇಂಥದ್ದೆಂದು ಹೇಳಲಾಗದ ಒಂದು ಅಸ್ಪಷ್ಟ ಸಂಕಟವಾಯಿತು ಎಂದವರಲ್ಲಿ ಇಳಿದಿತ್ತು. ಅಂದರೆ ಕೆಮ್ಮು ಬಹಳ ಸಲ ಶ್ವಾಸಕೋಶ ಅರಳುತ್ತಿರುವ ಒಳ್ಳೆಯ ಸುದ್ದಿ. ಹೆದರಬೇಕಾದದ್ದು ಸದ್ದಿಲ್ಲದ ಆ ಇನ್ನೊಂದಕ್ಕೆ. ಅದು ತಾನಾಗಿ ಹೊರಗೆ ಬರುವುದಿಲ್ಲ, ಬೆನ್ನ ಹಿಂದೆ ನಿಂತವರಿಗೆ ಕಾಣುವುದೂ ಇಲ್ಲ. ಯಾರಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಇದೆ.

ಹಾಗಾದರೆ ಆ ಕೋಣೆಯ ಮೂರು ನಿಷೇಧಗಳಲ್ಲಿ ಹೆಚ್ಚು ದುಬಾರಿಯಾಗುವುದು ‘ಕೆಮ್ಮಬೇಡಿ’ ಅಲ್ಲ. ಅದರ ಪಕ್ಕದಲ್ಲಿ ಸುಮ್ಮನೆ ನಿಂತಿರುವ ‘ಮಾತಾಡಬೇಡಿ’. ಕೆಮ್ಮನ್ನು ಎಷ್ಟು ತಡೆದರೂ ಕೊನೆಗೊಮ್ಮೆ ಅದು ದಾರಿ ಮಾಡಿಕೊಳ್ಳುತ್ತದೆ, ದೇಹ ಅದರ ಪರವಾಗಿ ಹೋರಾಡುತ್ತದೆ. ಸಂಕಟಕ್ಕೆ ಅಂಥ ವಕೀಲರಿಲ್ಲ. ‘ಏನಿಲ್ಲ ಸ್ವಾಮಿ’ ಎಂದರೆ ಮುಗಿಯಿತು. ಕೆಮ್ಮು ಕೂಡ ಕೂಡದು ಎಂದು ಹೇಳಿಸಿಕೊಂಡವನು, ಎದೆಯಲ್ಲೇನೋ ಸೆಳೆದಂತಾಗುತ್ತಿದೆ ಎಂಬ ಅಷ್ಟು ಸಣ್ಣ, ಅಷ್ಟು ಅನುಮಾನದ ಮಾತನ್ನು ಹೇಗೆ ಹೇಳಿಯಾನು? ಊರಿನಲ್ಲಿ ‘ಕೆಮ್ಮಂಗಿಲ್ಲ’ ಎನ್ನುವುದು ಕೆಲಸ ಮಾಡುವುದೂ ಹೀಗೆ. ಕೆಮ್ಮನ್ನೇ ತಡೆಹಿಡಿದರೆ ಮಾತನ್ನು ಬೇರೆಯಾಗಿ ತಡೆಹಿಡಿಯುವ ಕೆಲಸವೇ ಉಳಿಯುವುದಿಲ್ಲ.

ಒತ್ತಡ ಅಳೆಯುವ ಯಂತ್ರ ಇಟ್ಟುಬಿಟ್ಟರೆ ರೋಗಿಯನ್ನು ಕೇಳುವ ಅಗತ್ಯವೇ ಇರುವುದಿಲ್ಲವಲ್ಲ ಎಂದು ಒಬ್ಬ ಗೆಳೆಯ ಕೇಳಿದ. ಅದನ್ನೂ ಪರೀಕ್ಷಿಸಿದ್ದಾರೆ. 2019ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಕೆಲವು ರೋಗಿಗಳಿಗೆ ಯಂತ್ರದಲ್ಲಿ ಒತ್ತಡ ನೋಡುತ್ತಾ, ಉಳಿದವರಿಗೆ ಬರಿಯ ಲಕ್ಷಣಗಳನ್ನು ನಂಬಿ ನೀರು ತೆಗೆದರು. ಎದೆಯ ಸಂಕಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೋಗಿಯ ಮಾತು ಯಂತ್ರಕ್ಕೆ ಸಮನಾಗಿ ನಿಂತಿತು. ನನಗೆ ಇದು ಸಂತೋಷದ ಸುದ್ದಿಯೇ, ಆದರೂ ಒಂದು ಷರತ್ತಿದೆ. ಅಲ್ಲಿ ರೋಗಿಗಳು ಹೇಳುತ್ತಿದ್ದರು, ಹೇಳಬೇಕೆಂದು ಅವರನ್ನು ಕೇಳಲಾಗುತ್ತಿತ್ತು. ನನ್ನ ದೊಡ್ಡಪ್ಪನಂಥವರ ಮೌನವನ್ನು ‘ಲಕ್ಷಣ ಇಲ್ಲ’ ಎಂದು ಬರೆದುಕೊಂಡರೆ ಆ ಸಮಾನತೆ ಉಳಿಯುವುದಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರುತ್ತಾರಲ್ಲ ಎನ್ನಬಹುದು. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಲ್ಲಿ ನೆನಪಾಗುತ್ತದೆ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ವಯಸ್ಕಳಾದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸು ತಾತ್ಕಾಲಿಕವಾಗಿ ಎಚ್ಚರ ತಪ್ಪಿದ್ದಾಳೆಂದು ಬೇರೆಯವರು ಅವಳ ಪರವಾಗಿ ಒಪ್ಪಲು ಬರುವುದಿಲ್ಲ ಎಂದು ಕೋರ್ಟ್ ಹೇಳಿತು. ಪ್ರಾಣಾಪಾಯವಿಲ್ಲದಿದ್ದ ಮೇಲೆ ಅವಳು ಏಳುವವರೆಗೆ ಕಾಯಬೇಕಿತ್ತು. ನೀರು ತೆಗೆಯುವ ಕೋಣೆಯಲ್ಲಿ ರೋಗಿ ಪೂರ್ತಿ ಎಚ್ಚರವಾಗಿರುತ್ತಾನೆ, ಬೆನ್ನಿನ ಒಂದು ರೂಪಾಯಿ ಅಗಲದ ಜಾಗ ಬಿಟ್ಟರೆ ಮಿಕ್ಕೆಲ್ಲ ಚುರುಕಾಗಿರುತ್ತದೆ. ಆದರೂ ಅವನ ಪರವಾಗಿ ‘ಏನೋ ಆಗ್ತಿದೆ’ ಎಂದು ಎದುರು ನಿಂತ ನಾನು ಹೇಳಬೇಕಾಗಿ ಬಂತು. ಅರಿವಳಿಕೆ ಕೊಡದೆಯೂ ಒಬ್ಬರನ್ನು ಮಾತಿಲ್ಲದಂತೆ ಮಾಡಲು ಬರುತ್ತದೆ.

ಇದು ಹೊಸದೇನಲ್ಲ, ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದರ ದೊಡ್ಡ ದಾಖಲೆಯಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮನೆಮನೆಗೆ ಹೋಗಿ ಮಾತಾಡಿಸಿ, 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಕೆಮ್ಮನ್ನು ಅಲಕ್ಷ್ಯ ಮಾಡುತ್ತಾರೆ ಎಂಬ ನಂಬಿಕೆ ಆಗ ಬಲವಾಗಿತ್ತು. ಅವರು ಕಂಡದ್ದೇ ಬೇರೆ. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಜನ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಹೋದವರಲ್ಲಿ ಬಹಳ ಮಂದಿ ಕೆಮ್ಮಿನ ಔಷಧಿಯ ಒಂದು ಬಾಟಲಿ ಹಿಡಿದುಕೊಂಡು ವಾಪಸು ಬಂದಿದ್ದರು. ಕೆಮ್ಮು ಸಾಕ್ಷಿ ಹೇಳಲು ಆಸ್ಪತ್ರೆಯವರೆಗೆ ನಡೆದುಹೋಗಿತ್ತು, ಅಲ್ಲಿ ಅದರ ಬಾಯಿ ಮುಚ್ಚಿಸಲು ಸಿರಪ್ಪು ಕೊಟ್ಟು ಕಳಿಸಿದರು. ಇವತ್ತು ನಮ್ಮ ಕಡೆಯ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ‘ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ’ ಎಂದು ಬರೆದಿರುವುದನ್ನು ಕಂಡಾಗಲೆಲ್ಲ ನನಗೆ ತುಮಕೂರಿನ ಆ ಬಾಟಲಿಗಳು ಕಣ್ಣ ಮುಂದೆ ಬರುತ್ತವೆ.

ವೈದ್ಯರ ಪರವಾಗಿಯೂ ಹೇಳಬೇಕಾದದ್ದಿದೆ. ಒಂದೇ ಬೆಳಗ್ಗೆ ನಾಲ್ಕಾರು ಜನರಿಗೆ ನೀರು ತೆಗೆಯಬೇಕಿರುವ, ರಾತ್ರಿಪಾಳಿ ಮುಗಿಸಿ ಮನೆಗೆ ಹೋಗದ ಪಿ.ಜಿ. ವಿದ್ಯಾರ್ಥಿಗೆ ನೈತಿಕ ತತ್ವಶಾಸ್ತ್ರದ ಪಾಠ ಹೇಳುವುದು ಸುಲಭ, ಅವನ ಜಾಗದಲ್ಲಿ ನಿಲ್ಲುವುದು ಕಷ್ಟ. ರೋಗಿ ಕೆಮ್ಮಿ ಏನಾದರೂ ಆದರೆ ಜನ ಕೇಳುವುದು ಅವನನ್ನೇ. ಅವನ ‘ಕೆಮ್ಮಬೇಡಿ’ಯಲ್ಲಿ ಅರ್ಧ ಅವನ ಸ್ವಂತ ಭಯವೂ ಇದೆ. ನನ್ನ ತಕರಾರು ನಿಷೇಧದ ಮೇಲಲ್ಲ, ಅದಕ್ಕೆ ಗಡುವಿಲ್ಲದಿರುವುದರ ಮೇಲೆ. ಬಹಳ ಕಡೆ ಈಗ ಸೂಜಿಯ ಮೂಲಕ ಮೆದುವಾದ ಸಣ್ಣ ಕೊಳವೆ ಒಳಗೆ ಜಾರಿಸಿ ಸೂಜಿಯನ್ನು ಹಿಂದಕ್ಕೆ ತೆಗೆದುಬಿಡುತ್ತಾರೆ. ಸೂಜಿ ಹೊರಬಂದ ಮೇಲೆ ಕೆಮ್ಮಿನಿಂದ ಆಗುವ ಅಪಾಯ ಬಹಳ ಕಡಿಮೆ. ಕೆಮ್ಮಬೇಡಿ ಎನ್ನುವುದು ಕ್ಷೇಮದ ಮಾತಾಗಿರುವುದು ಆ ಕೆಲವೇ ನಿಮಿಷ. ಅಲ್ಲಿಂದಾಚೆಗೂ ಅದು ಮುಂದುವರಿದರೆ, ಯಾರೂ ಹಾಗೆ ಉದ್ದೇಶಿಸದಿದ್ದರೂ, ಊರ ಗೌಡರ ಮುಂದಿನ ಕೆಮ್ಮಂಗಿಲ್ಲವೇ ಆಗಿಬಿಡುತ್ತದೆ. ಎಚ್ಚರಿಕೆಗೂ ಅಪ್ಪಣೆಗೂ ಕನ್ನಡದಲ್ಲಿ ಕ್ರಿಯಾಪದದ ರೂಪ ಒಂದೇ. ‘ಮೆಟ್ಟಿಲಿದೆ, ಓಡಬೇಡ’ ಎನ್ನುವುದರಲ್ಲೂ ‘ನನ್ನ ಮುಂದೆ ಕೂರಬೇಡ’ ಎನ್ನುವುದರಲ್ಲೂ ಅದೇ ‘ಬೇಡ’. ಕೇಳುವವನು ತಾನು ಬದುಕಿ ಬಂದ ಅನುಭವದಿಂದ ಇದು ಯಾವ ಬೇಡ ಎಂದು ತೀರ್ಮಾನಿಸುತ್ತಾನೆ. ದೊಡ್ಡಪ್ಪನ ಬದುಕಿನಲ್ಲಿ ಅವರು ಹೆಚ್ಚು ಕೇಳಿದ್ದು ಎರಡನೆಯ ಬೇಡವನ್ನು.

ಎದೆರೋಗ ವಿಭಾಗದಲ್ಲಿ ಓದುತ್ತಿರುವ ಗೆಳತಿಯೊಬ್ಬಳಿಗೆ ಇದನ್ನೆಲ್ಲ ಹೇಳಿದೆ. ಅವಳು ಅರ್ಧಕ್ಕೇ ತಡೆದು, ನಿನ್ನ ಚರಕ, ಅರಿಸ್ಟಾಟಲ್ ಇರಲಿ, ನಾನು ಮಾಡುವುದು ಇಷ್ಟು ಎಂದಳು. ಸೂಜಿ ಹಾಕುವ ಮೊದಲೇ, ‘ಈಗ ಐದು ನಿಮಿಷ ಕೆಮ್ಮು ತಡ್ಕೊಳ್ಳಿ, ಬಂದೇ ಬರುತ್ತೆ ಅನ್ನಿಸಿದರೆ ಒಂದು ಬೆರಳು ಎತ್ತಿ, ನಾನು ಕೈ ಹಿಂದಕ್ಕೆ ತಗೋತೀನಿ’ ಎನ್ನುತ್ತಾಳೆ. ಸೂಜಿ ತೆಗೆದ ಮೇಲೆ, ‘ಈಗ ಕೆಮ್ಮಬಹುದು’ ಎಂದು ಗಟ್ಟಿಯಾಗಿ ಹೇಳುತ್ತಾಳೆ. ಬೆರಳೆತ್ತುವವರು ಕಡಿಮೆಯಂತೆ. ‘ಏನಾದರೂ ಆಗ್ತಿದೆಯಾ’ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ‘ಏನಿಲ್ಲ’ ಎನ್ನುತ್ತಾರಂತೆ, ವಯಸ್ಸಾದವರಂತೂ ಕೇಳುವುದೇ ಬೇಡ. ಅದಕ್ಕೆ ಪ್ರಶ್ನೆಯನ್ನೇ ಬದಲಾಯಿಸಿದ್ದಾಳೆ. ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪ ಏರಿದಂತೆಲ್ಲ ನಿಲ್ಲಿಸಿ, ‘ಎದೆ ಬಿಗೀತಾ ಇದೆಯಾ, ಎಳೀತಾ ಇದೆಯಾ, ಹಗುರ ಆಗ್ತಾ ಇದೆಯಾ?’ ಎಂದು ಮೂರನ್ನು ಮುಂದಿಡುತ್ತಾಳೆ. ‘ಏನಿಲ್ಲ’ ಎನ್ನುವುದಕ್ಕೆ ಅಲ್ಲಿ ಜಾಗ ಇಲ್ಲದ್ದರಿಂದ ಜನ ಯೋಚಿಸುತ್ತಾರೆ. ಒಂದು ಕ್ಷಣ ಸುಮ್ಮನಿದ್ದು, ಒಳಗೆ ಕಿವಿಗೊಟ್ಟವರಂತೆ ತಲೆ ಓರೆ ಮಾಡಿ, “ಎಳ್ದಂಗಾಯ್ತದೆ ಕಣವ್ವ, ಇಲ್ಲಿ, ಮುಂದ್ಗಡೆ” ಎನ್ನುತ್ತಾರಂತೆ.